ಇಬ್ಬರು ಕೂರುವ ದೋಣಿ

"ಏನಕ್ಕಾ, ಇವತ್ತು ಸಮುದ್ರಾನೇ ಬರಿದು ಮಾಡ್ಬಿಡೋ ಹಾಗೆ ಕಾಣ್ತೀರಲ್ಲ!"

ಜೆಟ್ಟಿಯ ಮೇಲಿಂದ ಕಾವಲುಗಾರ ಕೂಗಿದ್ದು ಕೇಳಿಸಿದರೂ ಟೈಲರಕ್ಕ ತಲೆಯೆತ್ತಲಿಲ್ಲ. ಪಾದ ಮುಳುಗುವಷ್ಟು ನೀರಿನಲ್ಲಿ ಕುಕ್ಕರಗಾಲಲ್ಲಿ ಕೂತು, ಪ್ಲಾಸ್ಟಿಕ್ ಮಗ್ಗಿನಿಂದ ಮೊಗೆಮೊಗೆದು ಹೊರಗೆ ಚೆಲ್ಲುತ್ತಿದ್ದಳು. ಪುಟ್ಟ ಹಾಯಿದೋಣಿ ಅದು. ಹಿಂಬದಿಯಲ್ಲಿ ಇಬ್ಬರು ಎದುರುಬದುರಾಗಿ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುವಷ್ಟು ತಗ್ಗು. ನಿನ್ನೆ ಸಂಜೆ ಆ ತಗ್ಗನ್ನು ಮೊಗೆದು ಖಾಲಿ ಮಾಡಿ ಹೋಗಿದ್ದಳು. ಬೆಳಗಾಗುವಷ್ಟರಲ್ಲಿ ಮತ್ತೆ ಅದೇ ರಾಮಾಯಣ.

ದೋಣಿ ತಮ್ಮನದು. ಅವನು ತೀರಿಹೋಗಿ ಎರಡು ತಿಂಗಳಾಗಿತ್ತು. ಅವನೂ ಒಂಟಿ, ಆಕೆಯೂ ಒಂಟಿ. ಮಧ್ಯೆ ಎರಡೇ ಬಸ್‌ಸ್ಟಾಪು. ಆದರೂ ಒಂಬತ್ತು ವರ್ಷ ಮಾತು ಬಿಟ್ಟಿದ್ದರು. ಕಾರಣ ಹೇಳಿದರೆ ಯಾರಾದರೂ ನಕ್ಕಾರು. ದೋಣಿ ಕೊಂಡ ದಿನ ಅವನು ಕುಣಿಯುತ್ತ ಅಂಗಡಿಗೆ ಬಂದು, "ನಡಿಯಕ್ಕಾ, ಮೊದಲ್ನೇ ಸುತ್ತು ನಿನ್ ಜೊತೆ" ಎಂದಿದ್ದ. ಅಂಗಡಿ ತುಂಬ ಗಿರಾಕಿಗಳು. "ಆ ತೊಟ್ಟಿಲಲ್ಲಿ ಕೂರೋಕೆ ನನಗೇನು ತಲೆ ಕೆಟ್ಟಿದ್ಯಾ? ನಲವತ್ತಾದ್ರೂ ನಿನಗೆ ಆಟದ ಸಾಮಾನು ಬೇಕು" ಎಂದು ಕತ್ತರಿ ಆಡಿಸುತ್ತಲೇ ಅಂದುಬಿಟ್ಟಿದ್ದಳು. ಗಿರಾಕಿಗಳು ನಕ್ಕರು. ಅವನೂ ನಕ್ಕ. ನಕ್ಕು ಮೆಟ್ಟಿಲಿಳಿದವನು ಮತ್ತೆ ಹತ್ತಲಿಲ್ಲ. ಅವನೇ ಬರಲಿ ಎಂದು ಇವಳು, ಇವಳೇ ಕರೆಯಲಿ ಎಂದು ಅವನು. ಆಸ್ಪತ್ರೆಯಿಂದ ಫೋನು ಬಂದಾಗ ಆಕೆ ಯಾರದೋ ಕೋಟಿಗೆ ಗುಂಡಿ ಹಚ್ಚುತ್ತಿದ್ದಳು.

ಆಮೇಲೆ ಬಂದದ್ದು ಕಾವಲುಗಾರನ ಫೋನು. ಸದಾ ಕೊರಳಲ್ಲಿ ಸೀಟಿ ನೇತಾಡುತ್ತಿದ್ದುದರಿಂದ ಎಲ್ಲರಿಗೂ ಅವನು ಸೀಟಿಯಣ್ಣ. "ಅಕ್ಕಾ, ನಿಮ್ಮ ತಮ್ಮನ ದೋಣಿ ಅರ್ಧ ಮುಳುಗಿದೆ. ಪೂರ್ತಿ ಮುಳುಗಿದ್ರೆ ಜೆಟ್ಟಿ ಆಫೀಸಿನೋರು ಎಳೆದು ಒಡೆದು ಗುಜರಿಗೆ ಹಾಕ್ತಾರೆ. ಒಬ್ರು ಲೆಕ್ಕದ ಮೇಷ್ಟ್ರು ಕೊಳ್ಳೋಕೆ ಕೇಳ್ತಾ ಇದ್ರು. ಭಾನುವಾರ ನೋಡೋಕೆ ಬರ್ತಾರೆ. ಅಲ್ಲೀವರೆಗೆ ಹೇಗಾದ್ರೂ ತೇಲಿಸ್ಕೊಳ್ಳಿ."

ನೀರೆಂದರೆ ಮಳೆಯದೇ ಎಂದುಕೊಂಡು ಆಕೆ ತನಗೆ ಗೊತ್ತಿದ್ದ ಕೆಲಸ ಮಾಡಿದಳು. ತಗ್ಗಿನ ಅಳತೆ ತೆಗೆದು, ದಪ್ಪ ಕ್ಯಾನ್ವಾಸಿನಲ್ಲಿ ಒಂದು ಹೊದಿಕೆ ಹೊಲಿದು ಕಟ್ಟಿದಳು. ಮೊದಲ ಮಳೆಗೇ ಅದು ಕೆಚ್ಚಲಿನ ಹಾಗೆ ಜೋತು, ನಡುವಿನ ಹೊಲಿಗೆ ಬಿಚ್ಚಿ ಕೊಡಗಟ್ಟಲೆ ನೀರನ್ನು ಒಳಕ್ಕೇ ಸುರಿಯಿತು. "ಬಟ್ಟೆ ನಿಮಗೆ ಗೊತ್ತು, ಮಳೆ ಗೊತ್ತಿಲ್ಲ" ಎಂದು ಸೀಟಿಯಣ್ಣ ನಕ್ಕ. ಎರಡನೆಯದನ್ನು ಹಾಯಿಯ ಅಡ್ಡಕೋಲಿನ ಮೇಲಿಂದ ಇಳಿಬಿಟ್ಟು ಎರಡೂ ಕಡೆ ಡೇರೆಯಂತೆ ಬಿಗಿದಳು. ಹೊಲಿಗೆಯ ಮೇಲೆ ಮೇಣ ತೀಡಿದಳು. ಮುಂದಿನ ಮಳೆ ನಿಂತ ಮೇಲೆ ಹೊದಿಕೆಯ ಒಳಮೈ ಮುಟ್ಟಿದರೆ ಬೂದಿಯಷ್ಟು ಒಣಗಿತ್ತು. ಕೆಳಗೆ ಮಾತ್ರ ನೀರು ನಿಂತೇ ಇತ್ತು.

ಇವತ್ತು ಶನಿವಾರ. ಆಕೆ ಮಗ್ಗನ್ನು ಎಸೆದು, ನೀರು ಸೋರುವ ಸೀರೆಯ ಅಂಚನ್ನೂ ಹಿಂಡದೆ ಸುಮ್ಮನೆ ಕೂತುಬಿಟ್ಟಳು.

"ಬೇಡ ಅಂದಿದ್ದಕ್ಕೆ ಸೇಡು ತೀರಿಸ್ಕೊಳ್ತಿದೆ ಇದು" ಎಂದಳು.

ಸೀಟಿಯಣ್ಣನಿಗೆ ಅರ್ಥವಾಗಲಿಲ್ಲ. ಆದರೂ ಪ್ಯಾಂಟು ಮಡಚಿಕೊಂಡು ದೋಣಿಗೆ ಇಳಿದ. ಇಳಿದದ್ದೇ ತಡ, ನೆಲದ ಹಿಂದಿನ ಎರಡು ಮೂಲೆಗಳಿಂದ ಗುಳುಗುಳು ಎಂದು ನೀರು ಉಕ್ಕಿತು. ಅಲ್ಲಿ ಬೆರಳು ತೂರುವಷ್ಟು ಎರಡು ತೂತುಗಳಿದ್ದವು.

"ಇದು ಒಳಗಿನ ನೀರು ಹೊರಗೆ ಹೋಗೋಕೆ ಮಾಡಿರೋ ತೂತು ಅಕ್ಕಾ. ದೋಣಿ ಹಗುರ ಇದ್ರೆ, ಇಲ್ಲಾ ಓಡ್ತಾ ಇದ್ರೆ ಹೋಗುತ್ತೆ. ನಿಂತಾಗ ಹಿಂದೆ ಭಾರ ಆದ್ರೆ ಅದೇ ದಾರೀಲಿ ವಾಪಸ್ ಬರುತ್ತೆ."

"ರಾತ್ರಿಯೆಲ್ಲ ಯಾರು ಕೂತಿರ್ತಾರೆ ಇಲ್ಲಿ, ಭಾರ ಆಗೋಕೆ?"

ಅವನು ಹಿಂದಿನ ಪೆಟ್ಟಿಗೆಯಂಥ ಭಾಗದ ಮುಚ್ಚಳ ಜಗ್ಗಿದ. ನೆನೆದು ಉಬ್ಬಿ ಕಚ್ಚಿಕೊಂಡಿತ್ತು. ಸ್ಕ್ರೂಡ್ರೈವರ್ ತಂದು ಮೀಟಿದ ಮೇಲೆ ತೆರೆಯಿತು. ಒಳಗೆ ನಾಲ್ಕು ಮರಳಿನ ಚೀಲ, ನೆನೆದು ಕಲ್ಲಾಗಿದ್ದವು.

"ಅಯ್ಯೋ, ಇವು ಇಲ್ಲೇ ಇದ್ವಾ! ಶೆಡ್ಡಲ್ಲಿದೆ ಅಂದ್ಕೊಂಡಿದ್ದೆ." ಸೀಟಿಯಣ್ಣ ಹಣೆ ಚಚ್ಚಿಕೊಂಡ. "ಇದು ಇಬ್ರು ಕೂರೋ ದೋಣಿ ಅಕ್ಕಾ. ಜೋರು ಗಾಳೀಲಿ ಒಬ್ರೇ ಹೋದ್ರೆ ವಾಲುತ್ತೆ. ಅದಕ್ಕೆ ನಿಮ್ಮ ತಮ್ಮ ಆ ಕಡೆ ಸೀಟಿನ ಮೇಲೆ ಇವನ್ನ ಕೂರಿಸ್ಕೊಂಡು ಹೋಗ್ತಿದ್ರು. ವಾಪಸ್ ಬಂದ ಮೇಲೆ ಒಂದೊಂದೇ ಎತ್ತಿ ಶೆಡ್ಡಿಗಿಡ್ತಿದ್ರು. ಕೊನೇ ಸಲ ಬಂದಾಗ ಎದೆ ಹಿಡ್ಕೊಂಡು ಕೂತಿದ್ರು. ಎತ್ತೋಕೆ ಆಗ್ದೆ ಇಲ್ಲೇ ಒಳಕ್ಕೆ ತಳ್ಳಿಟ್ರೇನೋ."

"ಯಾರನ್ನೂ ಕರ್ಕೊಂಡು ಹೋಗ್ತಿರ್ಲಿಲ್ವಾ?"

"ನಾನೇ ಎಷ್ಟೋ ಸಲ ಕೇಳಿದ್ದೆ. 'ಆ ಸೀಟಿಗೆ ಒಬ್ರು ಬರೋರಿದ್ದಾರೆ ಕಣಯ್ಯ' ಅಂತ ನಗ್ತಿದ್ರು."

ಆಕೆ ಒಂದು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. ಹಳೆಯ ಹಾಯಿಬಟ್ಟೆಯನ್ನು ಕತ್ತರಿಸಿ ಕೈಯಲ್ಲೇ ಹೊಲಿದಿದ್ದ. ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಹೋಗುವ ಹೊಲಿಗೆ. ಸ್ಕೂಲು ಚೀಲದ ಪಟ್ಟಿ ಕಿತ್ತುಹೋದಾಗ ಅಳುತ್ತಿದ್ದವನನ್ನು ಪಕ್ಕ ಕೂರಿಸಿಕೊಂಡು ಆಕೆಯೇ ಕಲಿಸಿದ್ದು. ಸಾಲು ಸೊಟ್ಟ, ದಾರದ ಗಂಟು ಬಟಾಣಿಯಷ್ಟು ದಪ್ಪ. ಎರಡು ಬಸ್‌ಸ್ಟಾಪಿನಾಚೆ ಅಕ್ಕನ ಹೊಲಿಗೆ ಮಿಷನ್ ಇದ್ದರೂ ಇವನು ಬೆರಳಿಗೆ ಸೂಜಿ ಚುಚ್ಚಿಸಿಕೊಂಡಿದ್ದ.

"ಅಕ್ಕಾ, ಕೊಡಿ, ನಾನು ಎತ್ತಿಡ್ತೀನಿ."

"ಬೇಡ" ಎಂದಳು. ನಾಲ್ಕನ್ನೂ ತಾನೇ, ಒಂದೊಂದಾಗಿ, ಎದೆಗವಚಿಕೊಂಡು ಜೆಟ್ಟಿಗೆ ಎತ್ತಿ ಹಾಕಿದಳು. ಏದುಸಿರು ಬಿಡುತ್ತ ತಾನೂ ಮೇಲೆ ಹತ್ತಿದಾಗ ದೋಣಿಯ ಹಿಂಬದಿ ನಿಧಾನಕ್ಕೆ ಮೇಲೆದ್ದಿತು. ತೂತುಗಳು ಗೊರಕೆ ಹೊಡೆದಂಥ ಸದ್ದು ಮಾಡುತ್ತ ನೀರನ್ನೆಲ್ಲ ಹೊರಗೆ ಹಾಕಿದವು. ಆಕೆ ಮುಖ ಆ ಕಡೆ ತಿರುಗಿಸಿಕೊಂಡಳು. ಸೀಟಿಯಣ್ಣ ಏನೋ ಕೆಲಸ ನೆನಪಾದವನಂತೆ ಗೇಟಿನತ್ತ ಹೋದ.

ಭಾನುವಾರ ಮೇಷ್ಟ್ರು ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ತೆಳ್ಳಗಿನ, ಮಾತು ಕಮ್ಮಿಯ ಮನುಷ್ಯ. ಒಣಗಿದ ನೆಲವನ್ನು ಅಂಗೈಯಲ್ಲಿ ಸವರಿ, ಹಗ್ಗಗಳನ್ನು ಎಳೆದು ನೋಡಿ, "ಚೆನ್ನಾಗಿ ಇಟ್ಕೊಂಡಿದ್ದೀರಮ್ಮ" ಎಂದರು.

"ದೋಣಿ ನಿಮಗೇ" ಎಂದಳು ಟೈಲರಕ್ಕ. "ಆದ್ರೆ ಮೊದಲು ಒಂದು ಸುತ್ತು ನನ್ನ ಕರ್ಕೊಂಡು ಹೋಗಿ."

"ಈಜು ಬರುತ್ತಾ?"

"ಇಲ್ಲ."

ಮೇಷ್ಟ್ರು ತೇಲುವ ಜಾಕೆಟ್ಟನ್ನು ಆಕೆಗೆ ತೊಡಿಸಿ, ಪಟ್ಟಿ ಬಿಗಿದು, ಎದುರಿನ ಸೀಟು ತೋರಿಸಿದರು.

ಜೆಟ್ಟಿ ದಾಟುತ್ತಲೇ ಗಾಳಿ ಹಾಯಿಗೆ ತುಂಬಿ ದೋಣಿ ವಾಲಿತು. ಆಕೆ ಗಾಬರಿಯಲ್ಲಿ ಅಂಚನ್ನು ಹಿಡಿದಳು. "ಸ್ವಲ್ಪ ಹಿಂದಕ್ಕೆ ಒರಗಿ. ಹಾಂ, ಅಷ್ಟೇ. ನೀವು ಕೂತಿದ್ರೆ ಸಾಕು" ಎಂದರು ಮೇಷ್ಟ್ರು. ದೋಣಿ ನೆಟ್ಟಗಾಗಿ ಓಡತೊಡಗಿತು.

ಬಹಳ ದೂರ ಬಂದ ಮೇಲೆ ಮೇಷ್ಟ್ರು ಕೇಳಿದರು, "ನಿಮ್ಮ ಮನೆ ಎಲ್ಲಿ ಕಾಣುತ್ತೆ?"

ಆಕೆ ದಡದತ್ತ ಕಣ್ಣು ಕಿರಿದು ಮಾಡಿ ನೋಡಿದಳು. ಬೆಂಕಿಪೊಟ್ಟಣಗಳನ್ನು ಜೋಡಿಸಿಟ್ಟ ಹಾಗೆ ಮನೆಗಳು, ಎಲ್ಲ ಒಂದೇ ಥರ. ಕೊನೆಗೆ ನೀರಿನ ಟ್ಯಾಂಕಿನ ಪಕ್ಕದ ತಾರಸಿಯಲ್ಲಿ ಒಂದು ಹಳದಿ ಚುಕ್ಕೆ ಕಂಡಿತು. ಬೆಳಿಗ್ಗೆ ತಾನೇ ಹರವಿ ಬಂದ ಬೆಡ್‌ಶೀಟು. ಅದು ಗಾಳಿಗೆ ಉಬ್ಬುತ್ತಿತ್ತು, ಬೀಳುತ್ತಿತ್ತು.

"ಅಗೋ, ಅಲ್ಲಿ" ಎಂದು ಕೈ ತೋರಿಸಿದಳು.

"ತಲೆ ಬಗ್ಗಿಸಿ, ತಿರುಗಿಸ್ತೀನಿ."

ಆಕೆ ತಲೆ ಬಗ್ಗಿಸಿದಳು. ಅಡ್ಡಕೋಲು ನೆತ್ತಿಯ ಮೇಲೆ ಹಾದುಹೋಯಿತು. ತಲೆಯೆತ್ತಿದಾಗ ದಡ ಬೆನ್ನ ಹಿಂದೆ ಸರಿದಿತ್ತು. ಆಕೆ ಸೀಟಿನಲ್ಲೇ ಹೊರಳಿ ಕೂತು, ಕೆನ್ನೆಗೆ ಹಾರುತ್ತಿದ್ದ ಕೂದಲನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು, ಮತ್ತೆ ಆ ಹಳದಿಯನ್ನು ಹುಡುಕತೊಡಗಿದಳು.