ಬೋರ್ಡಿನಲ್ಲಿ ಬಿಟ್ಟುಹೋದ ಸಾಲು

ಕಂಪ್ಯೂಟರಿನ ಹೊಟ್ಟೆಗೆ ಕೈ ಹಾಕುವ ಮೊದಲು ಏನೇನು ಮಾಡಬೇಕೆಂದು ಉಪದೇಶ ಮಾಡಲು ಇಡೀ ದಾವಣಗೆರೆಯಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎಂದುಕೊಂಡಿದ್ದೆ. ಎಂ.ಸಿ.ಸಿ. ಬಿ ಬ್ಲಾಕ್ ಬಡಾವಣೆಯ ನನ್ನ ಒಂದೇ ಕೋಣೆಯ ಕಂಪ್ಯೂಟರ್ ಇನ್‌ಸ್ಟಿಟ್ಯೂಟಿನ ಗೋಡೆಗೆ ಬೋರ್ಡು ಬರೆದು ಹಾಕಿದ್ದೆ: ಪ್ಲಗ್ ಕೀಳಿ, ಮೈಮೇಲಿನ ಲೋಹ ತೆಗೆದಿಡಿ, ಕ್ಯಾಬಿನೆಟ್ಟಿನ ತಗಡು ಮುಟ್ಟಿ ಮೈಯೊಳಗಿನ ಕರೆಂಟು ಇಳಿಸಿಕೊಳ್ಳಿ. ಕೆಳಗೆ ದಪ್ಪಕ್ಷರದಲ್ಲಿ, 'ಕೊಟ್ಟೂರೇಶ್, ಹಾರ್ಡ್‌ವೇರ್ ಎಕ್ಸ್‌ಪರ್ಟ್'. ಆ ಬಿರುದು ಕೊಟ್ಟವನೂ ನಾನೇ.

ತೊಂಬತ್ತೆಂಟರ ಒಂದು ಭಾನುವಾರ ಹರಿಹರದ ಉಜ್ಜನಪ್ಪನವರು ಕರೆಸಿದರು. ಮಗಳು ವಾಣಿಶ್ರೀ ಡಿ.ಟಿ.ಪಿ. ಮಾಡುವ ಕಂಪ್ಯೂಟರು ಆನ್ ಮಾಡಿದರೆ ಬರೀ ಬೀಪ್ ಬೀಪ್ ಎಂದು ಕೂಗುತ್ತದಂತೆ. ಕಂಪ್ಯೂಟರು ನೆಪ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಲಿ ಎಂದು ಹಿರಿಯರ ಏರ್ಪಾಡು. ಫೋಟೋ ನೋಡಿದ ದಿನವೇ, ಮದುವೆಯಾದರೆ ಇವಳನ್ನೇ ಎಂದು ನಾನು ತೀರ್ಮಾನ ಮಾಡಿಬಿಟ್ಟಿದ್ದೆ.

ನಡುಮನೆಯಲ್ಲಿ ನನ್ನ ಭಾಷಣ ಶುರುವಾಯಿತು. ಪ್ಲಗ್ ಕಿತ್ತೆ. ಉಂಗುರ, ವಾಚು ಬಿಚ್ಚಿ ಟೇಬಲ್ಲಿನ ಮೇಲಿಟ್ಟೆ. "ಕೊರಳಾಗೆ ಬೆಳ್ಳಿ ಬಂಗಾರನೂ ಇರಬಾರ್ದು ರೀ. ಬಗ್ಗಿದಾಗ ಒಳಗೆ ತಾಗಿದ್ರೆ ಮುಗೀತು" ಎಂದೆ.

ಉಜ್ಜನಪ್ಪ ತಲೆದೂಗಿ ಎದ್ದುಹೋದರು. ಕೈಕಾಲು ತೊಳೆದು, ಮಡಿವಸ್ತ್ರವನ್ನು ಎರಡೂ ಅಂಗೈ ಮೇಲೆ ಹಾಸಿಕೊಂಡು ಬಂದು ನನ್ನೆದುರು ನಿಂತರು.

"ಲಿಂಗದ ಕರಡಿಗೆನೂ ಬೆಳ್ಳೀದೇ ಅಲ್ಲೇನ್ರಿ? ಕೊಡ್ರಿ, ದೇವರ ಜಗಲಿ ಮ್ಯಾಲೆ ಇಟ್ಟಿರ್ತೀನಿ. ಕೆಲಸ ಮುಗಿದ ಮ್ಯಾಲೆ ಪೂಜೆ ಮಾಡ್ಕಂಡು ಊಟಕ್ಕೆ ಕೂಡಾಣ."

ನನ್ನ ಕೊರಳಲ್ಲಿ ಏನೂ ಇರಲಿಲ್ಲ. ಮೂರು ತಿಂಗಳ ಹಿಂದೆ ಯಾವುದೋ ಕಂಪ್ಯೂಟರು ಬಿಚ್ಚುವಾಗ, ನನ್ನ ನಿಯಮವನ್ನು ನಾನೇ ಪಾಲಿಸಿ, ಇಷ್ಟಲಿಂಗವಿದ್ದ ಕರಡಿಗೆಯನ್ನು ಬೋರ್ಡಿನ ಪಕ್ಕದ ಮೊಳೆಗೆ ಹಾಕಿದ್ದೆ. ನಾಳೆ ಹಾಕಿಕೊಂಡರಾಯಿತು ಎನ್ನುತ್ತಾ ಅಲ್ಲೇ ಬಿಟ್ಟಿದ್ದೆ.

"ನಂದು ಬಟ್ಟೇಲಿ ಕಟ್ಟಿರೋದು ರೀ, ತೆಗೆಯೋದು ಬ್ಯಾಡ" ಎಂದು ಸುಳ್ಳು ಹೇಳಿ ಬಗ್ಗಿದೆ. ರ‍್ಯಾಮ್ ಕಿತ್ತು, ರಬ್ಬರಿನಿಂದ ಉಜ್ಜಿ ಕೂರಿಸುವಾಗ ವಾಣಿಶ್ರೀ ಟಾರ್ಚು ಹಿಡಿದಿದ್ದಳು. ನನ್ನ ಅಂಗಿಯ ಮೇಲಿನ ಗುಂಡಿ ಬಿಚ್ಚಿಕೊಂಡಿತ್ತು. ಬೆಳಕು ಒಂದು ಗಳಿಗೆ ನನ್ನ ಕೊರಳ ಮೇಲೆ ನಿಂತು ಮತ್ತೆ ಕೆಳಗಿಳಿಯಿತು.

ಕಂಪ್ಯೂಟರು ಸರಿಹೋಯಿತು. "ಪೂಜೆಗೆ ಬರ್ರಿ" ಎಂದು ಉಜ್ಜನಪ್ಪ ಒಳಗಿನಿಂದ ಕರೆದರು. ಅಂಗೈಯಲ್ಲಿ ಲಿಂಗವಿಲ್ಲದೆ ಪೂಜೆಗೆ ಕೂರುವಂತಿಲ್ಲ; ಇನ್ನು ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನೆಲ ಬಾಯಿಬಿಟ್ಟರೆ ಸಾಕು ಅನ್ನುವಷ್ಟು ನಾಚಿಕೆಯಾಗಿತ್ತು.

ವಾಣಿಶ್ರೀ ಕೇಳಿದಳು: "ತೆಗೆಯೋದು ಅಷ್ಟು ಚೆಂದ ಕಲಿಸ್ತೀರಿ. ತಿರುಗಿ ಹಾಕ್ಕಳದು ನಿಮ್ ಪಾಠದಾಗೆ ಐತೋ ಇಲ್ಲೋ?"

"ಇಲ್ಲ" ಎಂದೆ.

"ಹೋಗಿ ತಗಂಬರ್ರಿ" ಎಂದರು ಉಜ್ಜನಪ್ಪ. "ನಾವು ಉಣ್ಣದೆ ಕಾಯ್ತೀವಿ."

ಲೂನಾ ಏರಿ ದಾವಣಗೆರೆಗೆ ಓಡಿದೆ. ಕರಡಿಗೆ ಧೂಳು ಹಿಡಿದು ಮೊಳೆಯಲ್ಲೇ ನೇತಾಡುತ್ತಿತ್ತು. ಒರೆಸಿ ಕೊರಳಿಗೆ ಹಾಕಿಕೊಂಡೆ. ಬೋರ್ಡಿನಲ್ಲಿ ನನ್ನ ಬಿರುದು ಅಳಿಸಿ, ಆ ಜಾಗದಲ್ಲಿ 'ತೆಗೆದದ್ದನ್ನೆಲ್ಲ ಮರೆಯದೆ ಹಾಕಿಕೊಳ್ಳಿ' ಎಂದು ಬರೆದೆ.

ಮತ್ತೆ ಹರಿಹರ ಮುಟ್ಟಿದಾಗ ಅವರ ಗೋಡೆ ಗಡಿಯಾರ ನಾಲ್ಕು ಹೊಡೆಯುತ್ತಿತ್ತು. ಊಟದ ಎಲೆಗಳು ಹಾಕಿದ ಹಾಗೇ ಇದ್ದವು. ವಾಣಿಶ್ರೀ ಬಾಗಿಲಲ್ಲೇ ನಿಂತು ನನ್ನ ಕೊರಳು ನೋಡಿದಳು. ಆಮೇಲೆ ಟೇಬಲ್ಲಿನ ಕಡೆ ಕೈ ತೋರಿಸಿ ನಕ್ಕುಬಿಟ್ಟಳು.

ನನ್ನ ಉಂಗುರ, ವಾಚು ಅಲ್ಲೇ ಬಿದ್ದಿದ್ದವು.