ಒಂದೇ ಡಬ್ಬಿಯ ಬಣ್ಣ

ದೊಡ್ಡಳಿಯನೂ ಚಿಕ್ಕಳಿಯನೂ ಮಾವನ ಶೆಡ್ಡಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದರು. ಮಾತು ಮಾತ್ರ ಮಾವನ ಮೂಲಕ. ದೊಡ್ಡವನ ಕೆಲಸ ಗೋಡೆಗೆ ಸುಣ್ಣ ಬಳಿದ ಹಾಗಿದೆ ಎಂದು ಚಿಕ್ಕವನು ಗಿರಾಕಿಯೊಬ್ಬನ ಮುಂದೆ ಅಂದ ದಿನದಿಂದ ಈ ಏರ್ಪಾಡು. ಅಕ್ಕಪಕ್ಕ ನಿಂತೇ "ಸ್ಪ್ಯಾನರ್ ಕೊಡಲು ಹೇಳಿ ಮಾವ" ಎನ್ನುವರು. ಷಡ್ಡಕರ ನಡುವೆ ಮಾವ ಟಪಾಲಿನವರಾಗಿ ಸವೆದಿದ್ದರು.

ಉಗುರಗಲದ ಗೀರಿಗೂ ದೊಡ್ಡ ಸ್ಪ್ರೇ ಗನ್ ಎತ್ತಿ ಅರ್ಧ ಬಾಗಿಲಿಗೆ ಹೊಡೆಯುವುದು ಇಲಿ ಕಾಟಕ್ಕೆ ಮನೆ ಸುಟ್ಟ ಹಾಗೆ ಎಂದು ಮಾವ ಪೆನ್ನಿನಂತೆ ಹಿಡಿದು ಬಣ್ಣ ಊದುವ ಒಂದು ಏರ್‌ಬ್ರಶ್ ಕೊಳ್ಳಲು ಅಳಿಯಂದಿರನ್ನು ಕರೆದುಕೊಂಡು ಹೊರಟರು. ದೊಡ್ಡವನು ಆರಿಸಿದ್ದು ಅಡಿಯಲ್ಲಿ ಸೀಸೆಯಿರುವ, ಬಾಯಿ ಅಗಲವಾದದ್ದು. ಬೆಳ್ಳಿ ಬಣ್ಣದ ಹೊಳಪಿನ ಪುಡಿ ಅದರಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಚಿಕ್ಕವನದು ನೆತ್ತಿಯ ಮೇಲೆ ಪುಟ್ಟ ಬಟ್ಟಲು, ಒಳಗೆ ಕೂದಲೆಳೆಯಂಥ ಸೂಜಿ. ಗೀರಿನಾಚೆ ಒಂದು ಹನಿ ಹೋಗದು. ಅಂಗಡಿಯವನು ಜಗಳ ಹೊರಗಿಟ್ಟುಕೊಳ್ಳಿ ಎಂದು ಎರಡನ್ನೂ ಪರೀಕ್ಷೆಗೆ ಕೊಟ್ಟು ಕಳಿಸಿದ.

ಮಾವ ಹಳೆಯ ಕಾರಿನ ಬಾಗಿಲೊಂದರ ಮೇಲೆ ಮೊಳೆಯಿಂದ ಎರಡು ಗೀರು ಎಳೆದರು. ಇಬ್ಬರಿಗೂ ಒಂದೇ ಡಬ್ಬಿಯ ಬಣ್ಣ. ಗೆದ್ದವನ ಬ್ರಶ್ ಉಳಿಯುತ್ತದೆ, ಬಣ್ಣದ ಕೋಣೆಯ ಬೀಗದ ಕೈ ಅವನಿಗೆ. ಸೋತವನು ಇನ್ನು ಮೇಲೆ ಎಮರಿ ಪೇಪರ್ ಹಿಡಿದು ಉಜ್ಜಿಕೊಂಡಿರಬೇಕು.

ದೊಡ್ಡವನು ಬೆಳಿಗ್ಗೆಯೇ ಡಬ್ಬಿಗೆ ಬಣ್ಣ ತೆಳುಮಾಡುವ ಥಿನ್ನರ್ ಸೇರಿಸಿ ಹದವಾಗಿ ಕಲಸಿಟ್ಟಿದ್ದ. ಯಾರಿಗೂ ಹೇಳಿರಲಿಲ್ಲ. ಚಿಕ್ಕವನು ಬಂದು ಮುಚ್ಚಳ ತೆಗೆದ. ಥಿನ್ನರ್ ಕಾಣದ ಬಣ್ಣವೆಂದೇ ಎಣಿಸಿ ಥಿನ್ನರ್ ಕ್ಯಾನನ್ನು ಡಬ್ಬಿಗೆ ಬಗ್ಗಿಸಿದ. ಗಳಗಳ ಸುರಿಯಿತು. ಪಕ್ಕದಲ್ಲೇ ಇದ್ದ ದೊಡ್ಡವನ ಒಂದು ಮಾತು ಸಾಕಿತ್ತು. ಆದರೆ ಅದಕ್ಕೆ ಮಾತಾಡಬೇಕಿತ್ತಲ್ಲ! ಅವನು ಗೋಡೆಯ ಕಡೆ ತಿರುಗಿ ನಿಂತ, ಹಾಲು ಕುಡಿದಷ್ಟು ಸಂತೋಷದಲ್ಲಿ.

ಚಿಕ್ಕವನ ಬಣ್ಣ ಗೀರಿನ ಮೇಲೆ ನಿಲ್ಲದೆ ಎಳೆಯಾಗಿ ಕೆಳಗಿಳಿಯಿತು.

"ಸುಣ್ಣ ಆದ್ರೂ ಗೋಡೆ ಮೇಲೆ ನಿಲ್ಲುತ್ತೆ ಅಂತ ಹೇಳಿ ಮಾವ," ಎಂದ ದೊಡ್ಡವನು.

ಮಾವ ಈ ಟಪಾಲು ತಲುಪಿಸಲಿಲ್ಲ. ಡಬ್ಬಿಯನ್ನು ಅವನತ್ತ ತಳ್ಳಿದರು. "ಈಗ ನಿಮ್ಮ ಸರದಿ."

ಅದೇ ಡಬ್ಬಿ. ಎರಡು ಸಲ ಥಿನ್ನರ್ ಬಿದ್ದಿದೆ ಎಂದರೆ ಹೇಗೆ ಗೊತ್ತಾಯಿತು ಎನ್ನುತ್ತಾರೆ. ಸುರಿಯುವುದನ್ನು ನೋಡುತ್ತ ಸುಮ್ಮನಿದ್ದೆ ಎನ್ನಬೇಕಾಗುತ್ತದೆ. ಎದುರಿನವನಿಗೆ ಅಪಶಕುನವಾಗಲೆಂದು ಮೂಗು ಕೊಯ್ದುಕೊಂಡವನು, ಮೂಗು ಬೇಕಾದಾಗ ಎಲ್ಲಿಂದ ತಂದಾನು? ಸೀಸೆ ತುಂಬಿಸಿ ಗುಂಡಿ ಒತ್ತಿದ. ಅಗಲ ಬಾಯಿ ನಿಷ್ಠೆಯಿಂದ ಉಗುಳಿತು. ಬಣ್ಣ ಗೀರು ದಾಟಿ, ಬಾಗಿಲಿನ ಅಂಚು ದಾಟಿ, ಅವನ ಚಪ್ಪಲಿಯ ಮೇಲೆ ಬಿತ್ತು.

ಮಾವ ಕಣ್ಣು ಕಿರಿದು ಮಾಡಿ ಎರಡನ್ನೂ ನೋಡಿದರು.

"ಎರಡೂ ಕೆಟ್ಟಿದೆ. ಇದು ಕಮ್ಮಿ ಕೆಟ್ಟಿದೆ," ಎಂದು ಬೀಗದ ಕೈಯನ್ನು ಚಿಕ್ಕವನ ಅಂಗೈಗೆ ಹಾಕಿದರು.

ಚಿಕ್ಕವನು ಬಣ್ಣದ ಕೋಣೆಯ ಬೀಗ ತೆಗೆದು, ತಿರುಗಿಯೂ ನೋಡದೆ ಹೇಳಿದ: "ಆ ಬಾಗಿಲು ಒರೆಸಿ ಉಜ್ಜೋಕೆ ಹೇಳಿ ಮಾವ. ಒಣಗೋ ಮುಂಚೆ ಶುರು ಮಾಡಿದ್ರೆ ಅವರಿಗೇ ಸುಲಭ."