ಹೊರೆ ಹೊತ್ತರೂ ಬಗ್ಗದಷ್ಟು ಎತ್ತರ

ಯಲವಿಗಿ ಹತ್ತಿರದ ಆ ಊರಿನಲ್ಲಿ ಆ ವಾರವೆಲ್ಲ ಒಂದೇ ಮಾತು: ಸೋಲಾರ್. ವಿದ್ಯುತ್ ಉಪಕೇಂದ್ರದ ಸುತ್ತಲಿನ ಹೊಲಗಳನ್ನು ಕಂಪನಿಯೊಂದು ಇಪ್ಪತ್ತೈದು ವರ್ಷಕ್ಕೆ ಬಾಡಿಗೆಗೆ ಕೇಳುತ್ತಿತ್ತು. ದಲ್ಲಾಳಿ ಹೊಳಬಸಪ್ಪ ಮನೆಮನೆ ತಿರುಗಿ ಒಪ್ಪಂದದ ಕಾಗದ ಹಂಚಿದ್ದ. ಚೌಡಪ್ಪನೂ ಒಂದನ್ನು ಇಸಿದುಕೊಂಡು, ಹೆಂಡತಿ ಅಡಿವೆವ್ವ ರೊಟ್ಟಿ ಬಡಿಯುತ್ತಿದ್ದಲ್ಲಿಗೆ ಪೆನ್ನು ಹಿಡಿದು ಬಂದ. ನಾಲ್ಕೆಕರೆ ಹೊಲದ ಪಹಣಿಯಲ್ಲಿ ಇಬ್ಬರ ಹೆಸರೂ ಇತ್ತು. ಹಾಗಾಗಿ ಇಬ್ಬರ ಸಹಿಯೂ ಬೇಕಿತ್ತು.

"ಕೈಯಾಗ ಹಿಟ್ಟೈತಿ" ಅಂದಳು ಅಡಿವೆವ್ವ.

"ಒರಸ್ಕೊಂಡು ಒಂದ್ ಗೀಟ್ ಎಳಿ. ಮುಗೀತು."

"ಗೀಟ್ ಎಳಿಯಾಕ ನಾ ಏನ್ ರಂಗೋಲಿ ಹಾಕಾಕತ್ತೇನೇನ್ರಿ? ಏನ್ ಬರದಾರ ಮೊದಲ ಓದ್ರಿ."

ಚೌಡಪ್ಪ ಗೊಣಗುತ್ತಲೇ ಓದಿದ. ಹೊಲಕ್ಕೆ ಕಂಪನಿ ತಂತಿಬೇಲಿ ಹಾಕುತ್ತದೆ. ಸೋಲಾರ್ ಹಲಗೆ ನಿಲ್ಲಿಸುವ ಕಂಬದ ಎತ್ತರ, ಸಾಲಿನ ಅಂತರ ಎಲ್ಲವೂ ಕಂಪನಿಯ ಇಷ್ಟ.

"ಮತ್ತ ಬೆಳಿ?"

"ಬೆಳಿ ಯಾಕ ಬೇಕ? ಕುಂತಲ್ಲೇ ವರ್ಷಾ ರೊಕ್ಕ ಬರತೈತಿ. ಬಿಸಲೆಲ್ಲ ಆ ಗಾಜಿನ ಹಲಗಿ ಕುಡದ್ರ ಕೆಳಗ ಗಿಡಕ್ಕ ಏನ್ ಉಳಿತೈತಿ?"

ಅಡಿವೆವ್ವ ಹಂಚಿನ ಮೇಲಿನ ರೊಟ್ಟಿ ತಿರುವಿದಳು. ಕೊಟ್ಟಿಗೆಯಲ್ಲಿ ಎರಡು ಎಮ್ಮೆಗಳಿದ್ದವು. ಅವುಗಳ ಮೇವು ಆ ಹೊಲದ್ದು, ಮನೆಗೆ ತಿನ್ನುವ ಕಾಳು ಆ ಹೊಲದ್ದು. ಅವಳಿಗೀಗ ನಲವತ್ತೈದು. ಬೇಲಿ ಬಿಚ್ಚಿ ಹೊಲ ವಾಪಸು ಕೊಡುವ ಹೊತ್ತಿಗೆ ಎಪ್ಪತ್ತು. ಅಲ್ಲಿಯವರೆಗೆ ತನ್ನ ಹೊಲವನ್ನು ತಾನೇ ಹೊರಗೆ ನಿಂತು ನೋಡಬೇಕು.

"ಗುಲ್ನಾರ ಬಂದು ನೋಡ್ಲಿ. ಆಮ್ಯಾಲೆ ಸಹಿ" ಅಂದಳು.

ಗುಲ್ನಾರ ಅಡಿವೆವ್ವನ ಮಹಿಳಾ ಸಂಘದ ಕೃಷಿ ಸಖಿ, ಬೇಸಾಯದ ಸಲಹೆ ಕೊಡುವವಳು. ಸವಣೂರಿನ ವೀಳ್ಯದೆಲೆ ತೋಟದವರ ಮಗಳು. ಮಧ್ಯಾಹ್ನ ಸ್ಕೂಟಿ ನಿಲ್ಲಿಸಿ ಒಳಗೆ ಬಂದವಳು ಕಾಗದವನ್ನು ಎರಡು ಸಲ ಓದಿದಳು.

"ಅಣ್ಣಾರ, ಸೋಲಾರ್ ಚಲೋದ. ಈ ಕಾಗದ ಚಲೋ ಇಲ್ಲ."

"ಅಂದ್ರ?"

"ಸರ್ಕಾರದ ಕುಸುಮ್ ಯೋಜನೆ ಐತಲ್ಲ, ಅದರಾಗ ಬೆಳಿಯೋ ಹೊಲಕ್ಕ ಎತ್ತರದ ಕಂಬ ಹಾಕ್ರಿ, ಮ್ಯಾಲೆ ಕರೆಂಟ್ ತಗೀರಿ, ಕೆಳಗ ಬೆಳಿ ತಗೀರಿ ಅಂತ ಅವಕಾಶ ಐತಿ. ಹೊಲ ಬಾಡಿಗಿಗೆ ಕೊಡಬಹುದು. ಇಲ್ಲಾ ನಾಕಾರು ಮಂದಿ ರೈತರ ಕೂಡಿ ತಾವ ಘಟಕ ಹಾಕಬಹುದು. ಆ ಕರೆಂಟ್‌ನ್ನ ವಿದ್ಯುತ್ ಕಂಪನಿ ಒಪ್ಪಂದ ಮಾಡ್ಕೊಂಡು ಕೊಳ್ತೈತಿ. ಬರೇ ಬೋರಿಗೆ ಸೋಲಾರ್ ಪಂಪ್ ಸಾಕು ಅನ್ನೋರಿಗೆ ಬ್ಯಾರೆ ಸಹಾಯಧನ ಐತಿ. ದೊಡ್ಡ ಪಾಲು ಸರ್ಕಾರದ್ದು, ಸಣ್ಣ ಪಾಲು ನಮ್ದು. ಹಗಲಾಗ ನೀರ್ ಬಿಡಬಹುದು."

"ಅದೆಲ್ಲ ಖರೆ. ನೆಳ್ಳಾಗ ಬೆಳಿ ಬರತೈತಿ ಅಂತ ಯಾರ್ ಹೇಳ್ಯಾರ?"

"ನಿಮ್ಮ ಬಾಯಾಗಿನ ಎಲಿ ಹೇಳತೈತಿ. ನಮ್ಮಪ್ಪನ ಬಳ್ಳಿ ಏನ್ ಬಟಾಬಯಲಾಗ ಬೆಳಿತಾವೇನ್ರಿ? ನೆಳ್ಳ ಇಲ್ಲಂದ್ರ ಎಲಿ ಸುಟ್ಟ ಹೋಗ್ತಾವ."

ಚೌಡಪ್ಪನ ದವಡೆಯಲ್ಲಿ ಸವಣೂರು ಎಲೆ ತುಂಬಿತ್ತು. ಅವನು ಎದ್ದು ಹೊರಗೆ ಹೋಗಿ ಅದನ್ನು ಉಗುಳಿ ಬಂದ.

ಗುಲ್ನಾರ ಮುಂದುವರಿಸಿದಳು. "ಎಲ್ಲಾ ಬೆಳಿ ಬರತೈತಿ ಅಂತ ನಾ ಸುಳ್ಳ ಹೇಳಂಗಿಲ್ಲ. ಗೋವಿನಜೋಳಕ್ಕ ತುಂಬ ಬಿಸಿಲ ಬೇಕು, ಅದು ಸೊರಗತೈತಿ. ಅರಿಷಿಣ, ಶುಂಠಿ, ಕೊತ್ತಂಬರಿ, ಮೇವಿನ ಹುಲ್ಲು ಇವೆಲ್ಲ ಅರ್ಧ ನೆಳ್ಳು ತಡೀತಾವ. ಆದ್ರ ಕಂಬ ಎತ್ತರ ಇರಬೇಕು, ಸಾಲಿನ ನಡುವ ಜಾಗ ಬಿಡಬೇಕು."

"ಎಷ್ಟ ಎತ್ತರ?" ಅಡಿವೆವ್ವ ಕೇಳಿದಳು.

"ಅದನ್ನ ನೀವ ಹೇಳಿ ಬರಸಬೇಕ್ರಿ ಅಕ್ಕಾರ."

ಅಷ್ಟರಲ್ಲಿ ಹೊಳಬಸಪ್ಪ ಬಾಗಿಲಲ್ಲಿ ಕೆಮ್ಮಿದ. "ಸಹಿ ಆತೇನ್ರಿ ಚೌಡಪ್ಪಾರ?"

ಅಡಿವೆವ್ವಳೇ ಮುಂದೆ ಬಂದಳು. "ಕಂಬ ಎಷ್ಟೆತ್ತರ ಹಾಕ್ತೀರಿ?"

ಹೊಳಬಸಪ್ಪ ಅಂಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು ತೋರಿಸಿದ. "ಇಷ್ಟ ಇರ್ತಾವ್ರಿ. ಕೆಳಗ ಬೇಕಾದ್ರ ಬೆಳಕೊಳ್ರಿ, ಯಾರ್ ಬ್ಯಾಡ ಅಂದಾರ?"

ಅಡಿವೆವ್ವ ಹಿತ್ತಲಿಗೆ ಹೋದಳು. ಬೆಳಿಗ್ಗೆ ಕೊಯ್ದು ತಂದಿದ್ದ ಹಸಿಮೇವಿನ ಹೊರೆಯನ್ನು ತಲೆಗೇರಿಸಿಕೊಂಡು ಅಂಗಳಕ್ಕೆ ಬಂದು ಅವನೆದುರು ನಿಂತಳು.

"ಈಗ ಹೇಳ್ರಿ. ಇದನ್ನ ಹೊತ್ಕೊಂಡು ನಿಮ್ಮ ಹಲಗಿ ಕೆಳಗ ಹೆಂಗ ಹಾದು ಬರ್ಲಿ?"

"ಒಂದೀಟು ಬಗ್ಗಿದ್ರ ಆತವ್ವಾ."

"ನನ್ನ ಹೊಲದಾಗ ನಾ ಬಗ್ಗಿ ಅಡ್ಡಾಡಬೇಕ? ಬೀಜ ಊರಾಕ ಬಗ್ಗೇನಿ, ಕಸ ತಗಿಯಾಕ ಬಗ್ಗೇನಿ. ನಿಮ್ಮ ಹಲಗಿಗೆ ಬಗ್ಗಂಗಿಲ್ಲ."

ಹೊಳಬಸಪ್ಪನ ಮುಖ ಕೆಂಪಾಯಿತು. "ಅಷ್ಟೆತ್ತರ ಕಂಬಕ್ಕ ಕಬ್ಬಣ ಎಷ್ಟ ಬೇಕು ಗೊತ್ತೈತೇನು? ಕಂಪನಿಯವ್ರು ಒಪ್ಪಂಗಿಲ್ಲ. ಶಿಗ್ಗಾಂವ ಕಡೆ ಹೊಲಕ್ಕೇನ್ ಬರಗಾಲಿಲ್ಲ, ಅಲ್ಲಿಗೆ ಹೋಗ್ತಾರ."

"ಹೋಗ್ಲಿ. ಉಪಕೇಂದ್ರಕ್ಕ ಹತ್ತಿದ್ದ ಹೊಲ ನಮ್ದು. ಅದಕ್ಕ ನೀವು ಈ ವಾರದಾಗ ಮೂರ್ ಸಲ ನಮ್ಮ ಹೊಸ್ತಿಲ ತುಳದೀರಿ. ಅಷ್ಟು ನನಗೂ ತಿಳಿತೈತಿ."

ಹೊಳಬಸಪ್ಪ ಚಪ್ಪಲಿ ಮೆಟ್ಟಿ ಹೊರಟೇಹೋದ. ಚೌಡಪ್ಪ ಸಿಡಿದ. "ಬಂದದ್ದನ್ನ ಕಾಲಿಲೆ ಒದ್ದಿ ನೋಡು!"

"ಒದ್ದಿಲ್ಲ. ಅಳತಿ ಹಿಡಕೊಂಡು ಬಾ ಅಂತ ಕಳಿಸೇನಿ. ಹಗ್ಗ ತರ್ರಿ."

ಹಗ್ಗದ ಒಂದು ತುದಿ ಗುಲ್ನಾರಳ ಕೈಗೆ, ಇನ್ನೊಂದು ಚೌಡಪ್ಪನ ಕೈಗೆ. ಮೊದಲು ಹೊಳಬಸಪ್ಪ ತೋರಿಸಿದಷ್ಟೇ ಎತ್ತರಕ್ಕೆ ಹಿಡಿದರು. ಅಡಿವೆವ್ವ ಹೊರೆ ಹೊತ್ತು ನೆಟ್ಟಗೆ ನಡೆದಳು. ಹಗ್ಗ ಎದೆಗೆ ತಡೆಯಿತು. ಮೇಲೆತ್ತಿದರು, ಹೊರೆಗೆ ಸಿಕ್ಕಿ ಮೇವು ಚೌಡಪ್ಪನ ಮೈಮೇಲೆ ಉದುರಿತು. ಅವನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತ. ಗುಲ್ನಾರ ಸ್ಕೂಟಿಯ ಸೀಟಿನ ಮೇಲೆ ಮೊಣಕಾಲೂರಿ ಕೈ ಚಾಚಿದಳು. ಅಡಿವೆವ್ವ ಈ ಸಲ ಕತ್ತು ಅಲುಗಿಸದೆ ಹಾದು ಆಚೆ ಹೋದಳು.

ಗುಲ್ನಾರ ಟೇಪು ಹಿಡಿದು ನೋಡಿದಳು. "ಎಂಟು ಅಡಿ."

ಚೌಡಪ್ಪ ಕಲ್ಲಿನಿಂದ ಇಳಿಯಲಿಲ್ಲ. ಹೆಂಡತಿಯ ತಲೆಯ ಮೇಲಿನ ಹೊರೆಯನ್ನೇ ನೋಡುತ್ತ ನಿಂತಿದ್ದ. ಆಮೇಲೆ ಹಗ್ಗವನ್ನು ಇನ್ನಷ್ಟು ಮೇಲಕ್ಕೆತ್ತಿದ.

"ಒಂದ್ ಗೇಣು ಜಾಸ್ತಿನ ಇರ್ಲಿ. ಸುಗ್ಗ್ಯಾಗ ನೀ ಇದಕ್ಕಿಂತ ದೊಡ್ಡ ಹೊರಿ ಹೊರ್ತಿ."

ಮರುದಿನ ಅವನೇ ಪಕ್ಕದ ಹೊಲದ ಮೂರು ಮನೆಗಳಿಗೆ ಹೋಗಿ ಆ ಅಳತೆ ಹೇಳಿ ಬಂದ. ಒಬ್ಬರು ಸಹಿ ಹಾಕಿದರೆ ಉಳಿದವರ ಮಾತು ನಿಲ್ಲುವುದಿಲ್ಲ, ನಾಲ್ವರೂ ಒಂದೇ ಮಾತು ಆಡೋಣ ಅಂದ. ಆ ಮೂರು ಮನೆಯವರೂ ಒಪ್ಪಿ ಸಹಿ ಹಾಕದೆ ಕಾದರು.

ಹನ್ನೆರಡು ದಿನ ಯಾರೂ ಬರಲಿಲ್ಲ. ಚೌಡಪ್ಪ ಒಳಗೊಳಗೇ ಅಂಜಿದ್ದ, ಅಡಿವೆವ್ವಳೂ ಅಂಜಿದ್ದಳು. ಹದಿಮೂರನೆಯ ದಿನ ಹೊಳಬಸಪ್ಪ ಕಂಪನಿಯ ಇಂಜಿನಿಯರನ್ನು ಕರೆದುಕೊಂಡು ಬಂದ. ಎತ್ತರದ ಕಂಬ ಹಾಕಬಹುದು, ಆದರೆ ಕಬ್ಬಿಣದ ಖರ್ಚು ಹೆಚ್ಚು, ಬಾಡಿಗೆ ಸ್ವಲ್ಪ ಕಡಿಮೆ ಆಗುತ್ತದೆ ಎಂದರು ಇಂಜಿನಿಯರ್.

"ಆಗ್ಲಿ. ಕಡಿಮಿ ಆದದ್ದನ್ನ ನಾ ಕೆಳಗ ಬೆಳಕೋತೇನಿ" ಅಂದಳು ಅಡಿವೆವ್ವ. "ಆದ್ರ ಎಲ್ಲಾ ಬರೀರಿ. ಬಾಯಿಮಾತು ಬ್ಯಾಡ."

ಹೊಸ ಕಾಗದದಲ್ಲಿ ಕಂಬದ ಎತ್ತರ ಬಂತು, ಸಾಲಿನ ಅಂತರ ಬಂತು. ಕೆಳಗೆ ಬೆಳೆಯುವ ಹಕ್ಕು ಮನೆಯವರದು, ಬೇಲಿಯ ಬಾಗಿಲಿನ ಒಂದು ಕೀಲಿ ಅವರ ಕೈಯಲ್ಲಿ, ಅವಧಿ ಮುಗಿದ ಮೇಲೆ ಕಂಬ ಕಿತ್ತು ಹೊಲ ಹಸನು ಮಾಡಿ ಕೊಡುವುದು ಕಂಪನಿಯ ಹೊಣೆ ಎಂದೂ ಬಂತು. ಚೌಡಪ್ಪ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿದ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಅಡಿವೆವ್ವ ಅಕ್ಷರ ಅಕ್ಷರ ಕೂಡಿಸಿ ತನ್ನ ಪೂರ್ತಿ ಹೆಸರು ಬರೆದಳು.

ಸವಣೂರು, ಶಿಗ್ಗಾಂವ, ಹಾನಗಲ್ಲ, ಹಿರೇಕೆರೂರ ಕಡೆಯ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬಾಗಿಲಿಗೂ ಇಂಥ ಕಾಗದ ಬಂದೀತು. ಸೋಲಾರ್ ಅಂದ ತಕ್ಷಣ ಅಂಜಿ ಅಟ್ಟಬೇಡಿ, ಅವಸರಕ್ಕೆ ಸಹಿಯನ್ನೂ ಹಾಕಬೇಡಿ. ನಿಯಮಗಳು ಆಗಾಗ ಬದಲಾಗುತ್ತವೆ. ಈಗ ಯಾವ ಸಹಾಯಧನ ಇದೆ, ನಿಮ್ಮ ಪಾಲು ಎಷ್ಟು ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ, ವಿದ್ಯುತ್ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಅರ್ಜಿ ಹಾಕಿಸಿ ಕೊಡುತ್ತೇನೆಂದು ಮುಂಗಡ ಕೇಳುವವರ ಕೈಗೆ ಒಂದು ಪೈಸೆಯನ್ನೂ ಇಡಬೇಡಿ. ಪಹಣಿಯಲ್ಲಿ ನಿಮ್ಮ ಹೆಸರು ಇದೆಯೇ ಎಂದು ಇಂದೇ ನೋಡಿ, ಇಲ್ಲದಿದ್ದರೆ ಸೇರಿಸಲು ಓಡಾಡಿ. ಮನೆಯ ಹೆಂಗಸರನ್ನು ಕೂರಿಸಿಕೊಂಡು ಕಾಗದ ಓದಿ. ಕೇಳಬೇಕಾದ್ದನ್ನು ಕೇಳಲು ನಾಚಬೇಡಿ, ಕೊಡುವುದಿಲ್ಲ ಎಂದರೆ ಕಾಯಲು ಹೆದರಬೇಡಿ. ಹೊಲ ನಿಮ್ಮದು. ಷರತ್ತೂ ನಿಮ್ಮದಾಗಲಿ.